ಆಶೆಯೂ ಭರವಸೆಯೂ

ಆಶೆಯು ಗುಣವೋ ದೋಷವೋ? ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಯಾರಾದರೂ ಈ ಪ್ರಶ್ನೆಯನ್ನು ಕೇಳಿದ್ದರೆ ನಾನು ಕ್ಷಣವೂ ತಡೆಯದೆ ಉತ್ತರ ಹೇಳುತ್ತಿದ್ದೆನು. ಆಶೆಯನ್ನು ಸಂಕೋಲೆಗೆ ಹೋಲಿಸುವ ಸುಭಾಷಿತವನ್ನು ನಾವು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆವು. ಗೀತೆಯು ಸಾಧಕನನ್ನು 'ನಿರಾಶೀಃ' ಎಂದು ಕರೆಯುವ ಸ್ಥಲಗಳನ್ನು ಗುರುಗಳು ಮೂರು ಮೂರು ಸಲ ವಿವರಿಸಿದ್ದರು. ಆಶೆಯೇ ದುಃಖಮೂಲವು, ಅದರ ತ್ಯಾಗವೇ ಸುಖವು ಎಂಬುದು ನಮಗೆ ಸಿದ್ಧಾಂತವಾಗಿದ್ದಿತು. ಮೂವತ್ತು ವರ್ಷಗಳಿಗೂ ಮಿಕ್ಕು ಶಾಲೆಯಲ್ಲಿ ಹುಡುಗರಿಗೆ ನಾನು ಹೇಳುತ್ತ ಬಂದುದೂ ಇದನ್ನೇ. ಈಗ ಅರುವತ್ತು ದಾಟಿದ ಮೇಲೆ ಆ ಉತ್ತರವನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗಿ ಬಂದಿದೆ. ಅದಕ್ಕೆ ಕಾರಣವಾದ ಸಂಗತಿಯನ್ನು ವಾಚಕರ ಮುಂದೆ ಇಡುವುದು ಸುಖದ ಕೆಲಸವಲ್ಲ. ಏಕೆಂದರೆ ಅದರಲ್ಲಿ ತಪ್ಪಿತಸ್ಥನು ನಾನೇ.

2023ರಲ್ಲಿ ಮಳೆಯು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರಕಾರವು ಬರಪೀಡಿತವೆಂದು ಸಾರಿತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ನಮ್ಮ ಸೀಮೆಯಲ್ಲಿ ಗೋವಿನಜೋಳವು ತೆನೆ ಕಟ್ಟುವ ಮೊದಲೇ ಬಾಡಿದ ಹೊಲಗಳನ್ನು ಕಾಣದವರಿಲ್ಲ. ಮರುವರ್ಷ ಶಿವರಾತ್ರಿಗೆ ಮುಂಚೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಐದೆಕರೆ ಭೂಮಿಯುಳ್ಳ ಒಕ್ಕಲಿಗನು. ಎರಡು ಮಕ್ಕಳ ತಂದೆ. ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲಿಯೇ ಹಿಡಿದುಕೊಂಡು, “ಸರ, ಪೀಕು ಹೋತು. ಬ್ಯಾಂಕಿನ ಸಾಲ ಒಂದ ಕಡೆ, ಕೈಗಡ ಒಂದ ಕಡೆ. ಇನ್ನ ಯಾವ ಆಶಾದ ಮ್ಯಾಲೆ ಇರೂದ್ರೀ?” ಎಂದನು. ನಾನು ಬಾಯಿಪಾಠವಾಗಿದ್ದುದನ್ನು ಹೇಳಿದೆನು: “ತಮ್ಮಾ, ಆಶಾನ ದುಃಖದ ಬೇರು. ಅದನ್ನ ಬಿಟ್ಟ ನೋಡು, ಹಗುರ ಆಗ್ತಿ.” ಅವನು ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದನು. ಮೂರನೆಯ ದಿನ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳಲು ಯತ್ನಿಸಿದನೆಂದೂ, ಮನೆಯವರು ಸಕಾಲದಲ್ಲಿ ಕಂಡುದರಿಂದ ಉಳಿದನೆಂದೂ ಸುದ್ದಿ ಬಂದಿತು. ನನ್ನ ಮಾತೇ ಅದಕ್ಕೆ ಕಾರಣವೆಂದು ಹೇಳಲಾರೆನು. ಆದರೆ ನನ್ನ ಮಾತು ಅವನನ್ನು ತಡೆಯಲಿಲ್ಲ. ಅವನು ಹಿಡಿಯಲು ಒಂದು ಕೈಯನ್ನು ಕೇಳಿ ಬಂದಿದ್ದನು. ನಾನು ಹಿಡಿದುದನ್ನೂ ಬಿಡು ಎಂದು ಉಪದೇಶಿಸಿದ್ದೆನು.

ನಾನು ಆಸ್ಪತ್ರೆಗೆ ಹೋದಾಗ ಅಲ್ಲಿ ನನಗಿಂತ ಮೊದಲೇ ಒಬ್ಬರು ಬಂದು ಕುಳಿತಿದ್ದರು. ಅವರು ನನ್ನೊಡನೆ ಬಹುಕಾಲ ಗಣಿತವನ್ನು ಕಲಿಸಿ ನಿವೃತ್ತರಾದವರು. ಈ ಹುಡುಗನಿಗೂ ಗುರುಗಳು. ಹಾನಗಲ್ಲಿಗೆ ಹೊಂದಿಕೊಂಡಿರುವ ಮುಂಡಗೋಡ ತಾಲೂಕಿನ ಒಂದು ಹಳ್ಳಿಯ ಕೆಥೋಲಿಕ ಗೃಹಸ್ಥರು. ನಮ್ಮ ನಾಲ್ಕು ತಾಲೂಕುಗಳಲ್ಲಿ ಕೆಥೋಲಿಕರ ಮನೆಗಳು ವಿರಳ. ಘಟ್ಟದ ಅಂಚಿನ ಆ ಸೀಮೆಯಲ್ಲಿ ಕೊಂಕಣಿ ಮಾತಾಡುವವರೂ ಸಿದ್ದಿ ಜನರೂ ಕೂಡಿದ ಅವರ ಊರುಗಳುಂಟು. ಅವರು ಯಾವ ತತ್ವವನ್ನೂ ಹೇಳಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಏಳುವಾಗ, “ಹಬ್ಬ ಹತ್ರ ಬಂತು. ಇಗರ್ಜಿ ಮುಂದೆ ಚಪ್ಪರ ಹಾಕಬೇಕು. ನಿನ್ನ ಕೈ ಬೇಕಾಗ್ತದೆ, ಬರ್ತೀಯಲ್ಲ?” ಎಂದು ಕೇಳಿದರು. ಹುಡುಗನು ಗೋಣು ಹಾಕಿದನು. ಬದುಕುವುದಾಗಿ ಅವನು ಕೊಟ್ಟ ಮೊದಲನೆಯ ಮಾತು ಅದೇ ಎಂದು ನಾನು ತಿಳಿಯುತ್ತೇನೆ.

2024ರ ಮಾರ್ಚ್ 30ರ ಶನಿವಾರ ನಾನೂ ಅವನ ಜೊತೆಗೆ ಆ ಊರಿಗೆ ಹೋದೆನು. ಚಪ್ಪರದ ಕೆಲಸ ಮುಗಿದಿತ್ತು. ಅವನ ಅಂಗೈಯಲ್ಲಿ ಹಗ್ಗದ ಗೆರೆಗಳು ಮೂಡಿದ್ದವು. ಆ ದಿನವು ಯೇಸುವು ಸಮಾಧಿಯಲ್ಲಿದ್ದ ದಿನ. ಕೆಥೋಲಿಕರು ಅಂದು ಹಗಲಲ್ಲಿ ಬಲಿಪೂಜೆಯನ್ನು ಮಾಡುವುದಿಲ್ಲ. ಪೀಠದ ಮೇಲೆ ವಸ್ತ್ರವಿಲ್ಲ. ಗುರುವಾರದ ಸಂಜೆಯಿಂದ ಗಂಟೆಯೂ ಮೌನ. ವರ್ಷಕ್ಕೊಂದು ದಿನವನ್ನು ಅವರು ದೇವರಿಲ್ಲದ ಹಾಗೆ ಕಳೆಯುತ್ತಾರೆಂದರೆ ಸಲ್ಲುವುದು. ಸೋಲನ್ನು ಮುಚ್ಚಿಡದೆ ಅದಕ್ಕೂ ಪಂಚಾಂಗದಲ್ಲಿ ಒಂದು ದಿನವನ್ನು ಕೊಟ್ಟಿರುವುದು ನನಗೆ ವಿಚಾರಾರ್ಹವಾಗಿ ತೋರಿತು. ರಾತ್ರಿಯಾದ ಮೇಲೆ ಅಂಗಳದಲ್ಲಿ ಹೊಸ ಬೆಂಕಿಯನ್ನು ಹೊತ್ತಿಸಿ, ಅದರಿಂದ ಒಂದು ದೊಡ್ಡ ಮೇಣದ ಬತ್ತಿಯನ್ನು ಬೆಳಗಿ, ಕತ್ತಲೆಯ ಇಗರ್ಜಿಯೊಳಕ್ಕೆ ಒಯ್ದರು. ಅದರಿಂದ ಒಬ್ಬರು ಹೊತ್ತಿಸಿಕೊಂಡರು, ಅವರಿಂದ ಪಕ್ಕದವರು, ಅವರಿಂದ ಹಿಂದಿನವರು. ಬಾಗಿಲ ಬಳಿ ನಿಂತಿದ್ದ ನನ್ನ ಶಿಷ್ಯನ ಕೈಗೂ ಯಾರೋ ಒಂದು ಬತ್ತಿಯನ್ನು ಕೊಟ್ಟಿದ್ದರು. ಗಾಳಿಗೆ ಅದು ಎರಡು ಸಲ ಆರಿತು. ಎರಡು ಸಲವೂ ಪಕ್ಕದಲ್ಲಿದ್ದ ಸಿದ್ದಿ ಮುದುಕಿಯೊಬ್ಬಳು ತಾನು ಹಾಡುತ್ತಿದ್ದ ಹಾಡನ್ನು ನಿಲ್ಲಿಸದೆಯೇ ತನ್ನ ಬತ್ತಿಯನ್ನು ಓರೆಮಾಡಿ ಹೊತ್ತಿಸಿಕೊಟ್ಟಳು. ಏಕೆ ಆರಿತು ಎಂದು ಅವಳು ಕೇಳಲಿಲ್ಲ.

ಕೆಥೋಲಿಕರು ಇಗರ್ಜಿಯ ಸುತ್ತಣ ಜನಸಮುದಾಯವನ್ನು ಕನ್ನಡದಲ್ಲಿ 'ಧರ್ಮಕೇಂದ್ರ'ವೆನ್ನುತ್ತಾರೆ. ಇಂಗ್ಲಿಷಿನ 'ಪ್ಯಾರಿಷ್' ಎಂಬ ಶಬ್ದದ ಮೂಲವು ಗ್ರೀಕಿನ 'ಪರೋಯ್ಕಿಯಾ'. ಪಕ್ಕದಲ್ಲಿ ವಾಸಿಸುವುದು, ಪರಸ್ಥಲದಲ್ಲಿ ತಂಗುವುದು ಎಂದು ಅದರ ಅರ್ಥ. 1983ರಲ್ಲಿ ಪ್ರಕಟವಾದ ಅವರ ಧರ್ಮಸಂಹಿತೆಯೂ ಧರ್ಮಕೇಂದ್ರವನ್ನು ಕಟ್ಟಡವೆಂದು ಹೇಳದೆ ವಿಶ್ವಾಸಿಗಳ ಒಂದು ಸಮುದಾಯವೆಂದೇ ಹೇಳುತ್ತದೆ. ನೆರೆಹೊರೆಯೇ ಅದರ ದೇಹವು. ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯೆಂಬುದೊಂದಿರುತ್ತದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಮನೆಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯೂ ಅವನ ಗೆಳೆಯರೂ ಅದನ್ನು ಆರಂಭಿಸಿದರು. ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಿ ಕುಳಿತು ಬರುವುದು ಅದರ ಮುಖ್ಯ ವ್ರತವು. ದಾನವು ಆಮೇಲಿನದು, ಹೋಗುವುದು ಮೊದಲನೆಯದು.

ಇನ್ನು ತತ್ವಕ್ಕೆ ಬರೋಣ. ಕ್ರೈಸ್ತರು ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರನ್ನು ಪರಮ ಗುಣಗಳೆಂದು ಎಣಿಸುತ್ತಾರೆ. ನಾವು ಬಿಡಬೇಕೆನ್ನುವುದನ್ನು ಅವರು ಗಳಿಸಬೇಕೆನ್ನುತ್ತಾರೆಯೇ? ಹಾಗೆಂದು ನಾನು ಬಹುಕಾಲ ತಿಳಿದಿದ್ದೆನು. ಹದಿಮೂರನೆಯ ಶತಮಾನದ ಅವರ ಮಹಾಮೀಮಾಂಸಕನಾದ ಥಾಮಸ್ ಅಕ್ವಿನಾಸನ ವಿಚಾರವನ್ನು ಓದಿದ ಮೇಲೆ ಆ ತಿಳಿವಳಿಕೆ ಸಡಿಲಾಯಿತು. ಭರವಸೆಯ ವಿಷಯಕ್ಕೆ ಅವನು ನಾಲ್ಕು ಲಕ್ಷಣಗಳನ್ನು ಹೇಳುತ್ತಾನೆ: ಅದು ಒಳ್ಳೆಯದಾಗಿರಬೇಕು, ಮುಂದೆ ಬರತಕ್ಕದ್ದಾಗಿರಬೇಕು, ದುಸ್ಸಾಧ್ಯವಾಗಿರಬೇಕು, ಆದರೂ ಅಸಾಧ್ಯವಾಗಿರಬಾರದು. ಆ ಸಾಧ್ಯತೆಯು ನಮ್ಮ ಬಲದಿಂದಲೇ ಬರಬೇಕೆಂದಿಲ್ಲ. ಇನ್ನೊಬ್ಬರ ನೆರವಿನಿಂದಲೂ ಬರಬಹುದು. ಪರಮಾರ್ಥದಲ್ಲಿ ದೇವರ ನೆರವಿನಿಂದ ಬರುತ್ತದೆ. ಈ ಗುಣಕ್ಕೆ ಎರಡು ವೈರಿಗಳು: ಒಂದು ನಿರಾಶೆ, ಇನ್ನೊಂದು ಎಲ್ಲವೂ ತಾನಾಗಿ ಒದಗುವುದೆಂಬ ಧಾರ್ಷ್ಟ್ಯ.

ಇಲ್ಲಿ ಗ್ರಂಥಿಯು ಬಿಚ್ಚುತ್ತದೆ. ನಮ್ಮ ಶಾಸ್ತ್ರಗಳು ಬಿಡೆಂದು ಹೇಳಿದ ಆಶೆಯು ಫಲಕ್ಕೆ ಅಂಟಿಕೊಂಡದ್ದು. 'ಇದು ನನಗೆ ಇಂತಿಷ್ಟೇ ಆಗಬೇಕು' ಎಂಬ ಹಟವದು. ಭರವಸೆಯೆಂಬ ಶಬ್ದವನ್ನು ನಾವು ಬಳಸುವ ರೀತಿಯನ್ನು ನೋಡಿರಿ. ಮಳೆಯ ಆಶೆ, ಹಣದ ಆಶೆ ಎನ್ನುತ್ತೇವೆ; ಭರವಸೆಯನ್ನಾದರೋ ಒಬ್ಬರ ಮೇಲೆ ಇಡುತ್ತೇವೆ, ಒಬ್ಬರಿಗೆ ಕೊಡುತ್ತೇವೆ. ಆಶೆಯು ಒಬ್ಬನ ಮನಸ್ಸಿನಲ್ಲಿ ಇರಬಲ್ಲದು. ಭರವಸೆಗೆ ಇಬ್ಬರಾದರೂ ಬೇಕು. ಅಮರಕೋಶದಲ್ಲಿ ಆಶಾ ಶಬ್ದವು ದಿಕ್ಕಿಗೂ ಪರ್ಯಾಯವಾಗಿದೆ. ದಿಕ್ಕು ತಪ್ಪಿದವನಿಗೆ ಆಶೆಯನ್ನು ಬಿಡೆಂದು ಹೇಳಿದ ನಾನು ಕೋಶವನ್ನೂ ಮರೆತಿದ್ದೆನು.

ನಿವೃತ್ತನು ಕುಳಿತಲ್ಲಿ ಹೆಣೆದ ಮಾತಿದು ಎಂದು ಯಾರಾದರೂ ಅಂದಾರು. ಆದುದರಿಂದ ಕನ್ನಡನಾಡಿನ ಚರಿತ್ರೆಯಿಂದಲೇ ಒಂದು ನಿದರ್ಶನವನ್ನು ಹೇಳುತ್ತೇನೆ. 1784ರಲ್ಲಿ, ಇಂಗ್ಲಿಷರೊಡನೆ ನಡೆದ ಎರಡನೆಯ ಮೈಸೂರು ಯುದ್ಧವು ಮುಗಿಯುವ ಕಾಲಕ್ಕೆ, ಶತ್ರುಗಳಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪುಸುಲ್ತಾನನು ಕೆನರಾ ಕರಾವಳಿಯ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಸಾವಿರಗಟ್ಟಲೆ ಜನರೆಂಬುದು ನಿರ್ವಿವಾದವು. ಇಗರ್ಜಿಗಳು ನೆಲಸಮವಾದವು, ಗುರುಗಳು ದೇಶಭ್ರಷ್ಟರಾದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಜನ ಸತ್ತರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಉಳಿದವರಲ್ಲಿ ಅನೇಕರು ಕರಾವಳಿಗೆ ಮರಳಿ ಮತ್ತೆ ಇಗರ್ಜಿಗಳನ್ನು ಕಟ್ಟಿಕೊಂಡರು. ಹದಿನೈದು ವರ್ಷ ಇಗರ್ಜಿಯಿಲ್ಲದೆ ಉಳಿದುದು ಯಾವುದು? ಒಬ್ಬರ ಪಕ್ಕದಲ್ಲೊಬ್ಬರು ಉಳಿದುದೇ ಅಲ್ಲವೇ?

ಅದೇ ವರ್ಷ ಮೈಸೂರು ಸೀಮೆಯಲ್ಲಿ ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಗುರುವು ಬಂದನು. 1792ರಲ್ಲಿ ಭಾರತಕ್ಕೆ ಬಂದಿದ್ದ ಅವನು ಈ ದೇಶದ ಉಡುಪನ್ನು ಧರಿಸಿ, ಇಲ್ಲಿಯವರಂತೆಯೇ ಬಾಳಿದನು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವನ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ಅದರಲ್ಲಿ ನಮ್ಮವರ ಮೇಲೆ ಕಟುವಾದ ಮಾತುಗಳಿವೆ, ಅದನ್ನು ಮರೆಮಾಚಬೇಕಾಗಿಲ್ಲ. ನನಗೆ ಮುಖ್ಯವಾದುದು ಬೇರೆ. ಈ ದೇಶದ ಜನರನ್ನು ಕ್ರೈಸ್ತರನ್ನಾಗಿ ಮಾಡುವೆನೆಂಬ ಆಶೆಯು ಅವನಲ್ಲಿ ಸಂಪೂರ್ಣ ಬತ್ತಿತು. 1823ರಲ್ಲಿ ಸ್ವದೇಶಕ್ಕೆ ಮರಳಿ ಅದನ್ನು ಬಹಿರಂಗವಾಗಿಯೇ ಬರೆದನು. ಅಂತಹವನು ಇಲ್ಲಿದ್ದಷ್ಟು ಕಾಲವೂ ಮಾಡಿದುದೇನು? ದಿಕ್ಕಿಲ್ಲದ ಬಡವರಿಗಾಗಿ ಹಾಸನದ ಬಳಿಯ ಸಾತಳ್ಳಿ ಮೊದಲಾದೆಡೆ ಒಕ್ಕಲುತನದ ನೆಲೆಗಳನ್ನು ಸ್ಥಾಪಿಸಿದನು. ಸಿಡುಬಿಗೆ ದಾಕು ಹಾಕುವ ಪದ್ಧತಿಯನ್ನು ಆ ಸೀಮೆಯಲ್ಲಿ ಹರಡಿದನು. ಫಲದ ಆಶೆಯು ಹೋದ ಮೇಲೂ ಪಕ್ಕದವರ ಕೆಲಸವು ನಿಲ್ಲಲಿಲ್ಲ. ಗೀತೆಯ 'ನಿರಾಶೀಃ' ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ವ್ಯಾಖ್ಯಾನವು ಬೇಕೇ?

ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಇಗರ್ಜಿಯು ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ನೀರು ಏರಿದಾಗ ಮುಳುಗುವ ಅದರ ಪಾಳುಗೋಡೆಗಳನ್ನು ನೋಡಲು ಪ್ರವಾಸಿಗಳು ಹೋಗುತ್ತಾರೆ. ಊರಿನ ಜನರು ಬೇರೆಡೆ ನೆಲಸಿದರು. ಗೋಡೆಯು ಮುಳುಗಬಹುದು, ಎದ್ದು ನಡೆಯಬಲ್ಲ ನೆರೆಹೊರೆಯು ಮುಳುಗದು.

ಈಗ ಪೂರ್ವಪಕ್ಷವೊಂದುಂಟು: ಭರವಸೆಯಿಂದ ಸಾಲವು ತೀರುವುದೇ? ತೀರುವುದಿಲ್ಲ. ಆದರೆ ನಡೆದುದನ್ನು ಕೇಳಿರಿ. ಹಬ್ಬ ಕಳೆದ ಮೇಲೆ ಗಣಿತದ ಮಾಸ್ತರರು ಶಿಷ್ಯನ ಕಾಗದಪತ್ರಗಳನ್ನೆಲ್ಲ ಹರಡಿಕೊಂಡು ಕುಳಿತು ಲೆಕ್ಕ ಹಾಕಿದರು. ಬರವೆಂದು ಸಾರಿದ ತಾಲೂಕುಗಳಲ್ಲಿ ಬೆಳೆಸಾಲದ ಮರುಪಾವತಿಯ ಅವಧಿಯನ್ನು ಮುಂದೂಡಲು ನಿಯಮದಲ್ಲಿ ಅವಕಾಶವಿದೆ. ಅದು ಅವನಿಗೆ ತಿಳಿದಿರಲಿಲ್ಲ. ವೈರಾಗ್ಯವನ್ನು ಬೋಧಿಸಿದ ನನಗೂ ತಿಳಿದಿರಲಿಲ್ಲ. ಮೂವರೂ ಕೂಡಿ ಬ್ಯಾಂಕಿಗೆ ಹೋದೆವು. ಕಂತುಗಳು ಮುಂದೆ ಹೋದವು. ಕೈಗಡವು ಇನ್ನೂ ಇದೆ, ಎಮ್ಮೆಯನ್ನು ಮಾರಬೇಕಾಯಿತು. ಆದರೆ ಒಬ್ಬನ ಕಣ್ಣಿಗೆ ಗೋಡೆಯಾಗಿ ಕಂಡುದರಲ್ಲಿ ಮೂವರ ಕಣ್ಣಿಗೆ ಒಂದು ಬಾಗಿಲು ಕಂಡಿತು.

ಎರಡನೆಯ ಆಕ್ಷೇಪವು: ಇದು ಪರಧರ್ಮದ ಮಾತಲ್ಲವೇ? ನನ್ನ ಶಿಷ್ಯನ ಕೊರಳಿನ ಇಷ್ಟಲಿಂಗವು ಇಂದಿಗೂ ಅವನ ಕೊರಳಲ್ಲಿದೆ. ನನ್ನ ಸಂಧ್ಯಾವಂದನೆಯೂ ನಿಂತಿಲ್ಲ. ಮತವನ್ನು ಬಿಡೆಂದು ಯಾರೂ ಕೇಳಲಿಲ್ಲ. ಬ್ರಾಹ್ಮಣ ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನನ್ನಾಗಿ ಅಂಗೀಕರಿಸಿದ ನೆಲ ಇದು. ಸವಣೂರಿನ ದೊಡ್ಡಹುಣಸೆಮರಗಳನ್ನು ನೋಡಿರಿ. ಆಫ್ರಿಕದ ಜಾತಿಯ ಆ ಮರಗಳಿಗೆ ನಾವು ನಮ್ಮ ಹೆಸರನ್ನಿಟ್ಟು ಪೂಜಿಸುತ್ತ ಬಂದಿದ್ದೇವೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿದಾಗ ಜನರು ಅದನ್ನು ಕಡಿದು ಸೌದೆ ಮಾಡಲಿಲ್ಲ, ಎತ್ತಿ ಮತ್ತೆ ನೆಟ್ಟರು, ಅದು ಚಿಗುರಿತು. ಹೊರಗಿನದು, ಒಳಗಿನದು ಎಂಬ ಎಣಿಕೆ ಅಲ್ಲಿ ಯಾರಿಗೂ ಬೇಕಾಗಲಿಲ್ಲ.

ರೋಮಿನ ಧರ್ಮಗುರುಗಳಾಗಿದ್ದ ಫ್ರಾನ್ಸಿಸರು 2025ನೆಯ ವರ್ಷವನ್ನು ಭರವಸೆಯ ಜೂಬಿಲಿಯೆಂದು ಸಾರಿ, 2024ರ ಡಿಸೆಂಬರ 24ರಂದು ಪುಣ್ಯದ್ವಾರವನ್ನು ತೆರೆದರು. ಮರುವರ್ಷ ಏಪ್ರಿಲ್ 21ರಂದು, ಪುನರುತ್ಥಾನದ ಹಬ್ಬದ ಮಾರನೆಯ ದಿನ, ಅವರು ತೀರಿಕೊಂಡರು. 2026ರ ಜನವರಿ 6ರಂದು ಅದನ್ನು ಮುಚ್ಚಿದವರು ಅವರ ಉತ್ತರಾಧಿಕಾರಿಗಳಾದ ಹದಿನಾಲ್ಕನೆಯ ಲಿಯೋ. ಒಬ್ಬನು ತೆರೆದುದನ್ನು ಇನ್ನೊಬ್ಬನು ಪೂರೈಸುವನೆಂಬುದೇ ಭರವಸೆಯ ಸ್ವರೂಪವಾಗಿರಬಹುದು.

ಆಶೆಯು ಗುಣವೋ ದೋಷವೋ ಎಂದು ಈಗ ಯಾರಾದರೂ ಕೇಳಿದರೆ, ಒಂಟಿಯಾದಾಗ ಅದು ದೋಷವಾಗಬಹುದು, ಜೊತೆ ಸಿಕ್ಕಾಗ ಭರವಸೆಯಾಗಿ ಗುಣವಾಗುತ್ತದೆ ಎನ್ನುತ್ತೇನೆ. ನಾನೂ ಗಣಿತದ ಮಾಸ್ತರರೂ ಪ್ರತಿ ಶನಿವಾರ ಇಬ್ಬರಾಗಿ, ಬೆಳೆ ಹೋದ ಮನೆಯೊಂದಕ್ಕೆ ಹೋಗಿ ಕುಳಿತು ಬರುತ್ತೇವೆ. ನಾನು ಶ್ಲೋಕ ಹೇಳುವುದನ್ನು ಬಿಟ್ಟಿದ್ದೇನೆ. ಕೊಟ್ಟ ಚಹವನ್ನು ಕುಡಿಯುತ್ತೇವೆ, ಕಾಗದಪತ್ರಗಳಿದ್ದರೆ ನೋಡುತ್ತೇವೆ, ಏಳುವಾಗ ಮುಂದಿನ ವಾರಕ್ಕೆ ಏನಾದರೊಂದು ಕೆಲಸವನ್ನು ಅವರಿಂದಲೇ ಕೇಳಿ ಬರುತ್ತೇವೆ. ಕಳೆದ ಶನಿವಾರ ನಮ್ಮ ಜೊತೆಗೆ ಮೂರನೆಯವನಾಗಿ ನನ್ನ ಶಿಷ್ಯನು ಬಂದಿದ್ದನು.