ಕಾಣದ ಫಲದ ಕಾಯಕ

ಲೋಕದಲ್ಲಿ ಉಪಕಾರವು ಎರಡು ತೆರನಾಗಿದೆ. ಬಂದೊದಗಿದ ದುಃಖವನ್ನು ಪರಿಹರಿಸುವುದು ಒಂದು. ಬರಲಿರುವ ದುಃಖವನ್ನು ಬಾರದಂತೆ ತಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಸಾಕ್ಷಿಯುಂಟು. ಜ್ವರದಿಂದ ಬೆಂದವನು ಗುಣಹೊಂದಿ ವೈದ್ಯನಿಗೆ ಕೈಮುಗಿಯುವನು. ಅವನ ಮನೆಯವರು ಆ ಹೆಸರನ್ನು ಬಹುಕಾಲ ನೆನೆಯುವರು. ಎರಡನೆಯದಕ್ಕೆ ಸಾಕ್ಷಿಯಿಲ್ಲ. ಬಾರದೆ ಹೋದ ರೋಗವನ್ನು ಕಂಡವರಾರು? ಉಳಿದುಕೊಂಡ ಕೂಸು ತಾನು ಉಳಿದೆನೆಂಬುದನ್ನೇ ಅರಿಯದು. ಹೀಗಿರಲು ಇವೆರಡರಲ್ಲಿ ಹಿರಿದಾದ ಕಾಯಕ ಯಾವುದೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಶರಣರು ಕಾಯಕವನ್ನು ಅದರಿಂದ ಬರುವ ಹೊಗಳಿಕೆಯಿಂದ ಅಳೆದವರಲ್ಲ. ಸತ್ಯಶುದ್ಧವಾಗಿ ದುಡಿದು, ಆ ದುಡಿಮೆಯನ್ನು ಗುರು ಲಿಂಗ ಜಂಗಮಕ್ಕೆ ಅರ್ಪಿಸಿ, ನಾನು ಮಾಡಿದೆನೆಂಬುದನ್ನು ಮರೆಯುವುದೇ ಅವರ ಮಾರ್ಗ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ಮದ್ದು ಕೊಡುವ ವೃತ್ತಿಯೂ ಶಿವಪೂಜೆಗೆ ಸಮನಾಯಿತು. ಆ ದೃಷ್ಟಿಯಿಂದ ನೋಡಿದರೆ, ಹೊಗಳಿಕೆಗೆ ಎಡೆಯೇ ಇಲ್ಲದ ತಡೆಯುವ ವೈದ್ಯವು ಕಾಯಕತತ್ತ್ವಕ್ಕೆ ಅತ್ಯಂತ ಸಮೀಪವಾದುದು.

ಇದಕ್ಕೆ ನಿದರ್ಶನವು ಯಳಂದೂರು ತಾಲ್ಲೂಕಿನಲ್ಲಿಯೇ ಉಂಟು. 1973ರಲ್ಲಿ ಬೆಂಗಳೂರಿನಲ್ಲಿ ವೈದ್ಯ ಪದವಿ ಪಡೆದ ಡಾ. ಎಚ್. ಸುದರ್ಶನ್ ಅವರು ಪಟ್ಟಣದ ಸಂಪಾದನೆಯನ್ನು ಬಯಸದೆ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಸೋಲಿಗರ ನಡುವೆ ನೆಲಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, 1986ರಲ್ಲಿ ಯಳಂದೂರು ಸೀಮೆಯ ಕುಷ್ಠರೋಗಿಗಳ ಸೇವೆಗಾಗಿ ಕರುಣಾ ಟ್ರಸ್ಟೂ ಸ್ಥಾಪಿತವಾದವು. ಗುಡಿಸಿಲಿನಲ್ಲಿ ಮಲಗಿದ ರೋಗಿಗೆ ಮದ್ದು ಕೊಡುವುದರಿಂದ ಮೊದಲಾದ ಕಾರ್ಯವು ಅಲ್ಲಿಗೇ ನಿಲ್ಲಲಿಲ್ಲ. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಟ್ರಸ್ಟು ವಹಿಸಿಕೊಂಡಿತು. ಬಸುರಿಯರ ಆರೈಕೆ, ಶಿಶುಗಳಿಗೆ ಲಸಿಕೆ, ಶುದ್ಧವಾದ ನೀರು, ಇವೇ ಇಂಥ ಕೇಂದ್ರದ ನಿತ್ಯವ್ರತಗಳು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ಅವರಿಗೆ ಬಂದವು. ಆದರೆ ಲಸಿಕೆಯ ದಿನ ಅಳುತ್ತ ಹೋದ ಮಗು ಯಾವ ಪ್ರಶಸ್ತಿಯನ್ನೂ ಕೊಡುವುದಿಲ್ಲ. ಮುಖ್ಯವಾದ ಸಂಗತಿ ಬೇರೊಂದಿದೆ. ಸೋಲಿಗರ ಹೆಣ್ಣುಮಕ್ಕಳನ್ನೇ ಶುಶ್ರೂಷಕಿಯರನ್ನಾಗಿ ಸಿದ್ಧಗೊಳಿಸುವ ಕಾರ್ಯ ಅಲ್ಲಿ ನಡೆಯಿತು. ತಮ್ಮ ನುಡಿಯನ್ನಾಡುವ ಕೈ ಸೂಜಿ ಹಿಡಿದಾಗ ತಾಯಿಯ ಭಯ ತಾನಾಗಿ ಇಳಿಯುತ್ತದೆ. ವಿಶ್ವಾಸವು ಮೊದಲು, ಮದ್ದು ಆಮೇಲೆ.

ಮುನ್ನೆಚ್ಚರಿಕೆಯ ಧರ್ಮವು ಕೊಳ್ಳೇಗಾಲ ಸೀಮೆಯ ರೇಷ್ಮೆ ಬೆಳೆಗಾರನಿಗೆ ಹೊಸತಲ್ಲ. ಹುಳುವನ್ನು ತಟ್ಟೆಗೆ ಬಿಡುವ ಮುನ್ನವೇ ಅವನು ಮನೆಯನ್ನು ತೊಳೆದು ಸೋಂಕು ಕಳೆಯುವನು. ಬಿತ್ತನೆ ಕೋಠಿಯಲ್ಲಿ ತಾಯಿಚಿಟ್ಟೆಯನ್ನು ಪರೀಕ್ಷಿಸಿ ಕೊಟ್ಟ ರೋಗರಹಿತ ಮೊಟ್ಟೆಯನ್ನೇ ತರುವನು. ಈ ಪರೀಕ್ಷೆಯ ಕ್ರಮವನ್ನು ನಿರೂಪಿಸಿದವನು ಫ್ರಾನ್ಸ್ ದೇಶದ ಲೂಯಿ ಪಾಸ್ಚರ್. 1865ರಿಂದ ಹಲವು ವರ್ಷ ರೇಷ್ಮೆಹುಳುವಿನ ರೋಗವನ್ನು ಶೋಧಿಸಿದ ಆ ವಿಜ್ಞಾನಿಯೇ 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆಯನ್ನು ಪ್ರಯೋಗಿಸಿದನು. ಹುಳುವಿಗೆ ಇಷ್ಟು ಎಚ್ಚರ ವಹಿಸುವ ಗೃಹಸ್ಥನು ತೊಟ್ಟಿಲ ಕೂಸಿನ ವಿಷಯದಲ್ಲಿ ಉದಾಸೀನನಾಗುವುದು ಯುಕ್ತವೇ?

ಇಲ್ಲಿ ಆಕ್ಷೇಪವೊಂದು ಏಳಬಹುದು. ರೋಗವು ಕರ್ಮಫಲ, ಶಿವನ ಇಚ್ಛೆ. ಅದನ್ನು ತಡೆಯುವುದು ಅವಿಶ್ವಾಸವಲ್ಲವೇ? ಹಿಂದೆ ಸಿಡುಬು ಬಂದರೆ ಅಮ್ಮ ಬಂದಳೆಂದು ಜನರು ಮಾರಮ್ಮನ ಗುಡಿಗೆ ಹರಕೆ ಹೊರುತ್ತಿದ್ದರು. ಆ ಅಂಜಿಕೆಯ ಹಿಂದೆ ಮಕ್ಕಳನ್ನು ಕಳೆದುಕೊಂಡವರ ಕಣ್ಣೀರಿತ್ತು. ಅದನ್ನು ಹಾಸ್ಯಮಾಡುವುದು ಸಲ್ಲದು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಸಿಡುಬು ಸುಮಾರು 30 ಕೋಟಿ ಜೀವಗಳನ್ನು ಒಯ್ದಿತು. ಆದರೆ 1796ರಲ್ಲಿ ಜೆನ್ನರನು ತೋರಿದ ದಾರಿಯನ್ನು ಹಿಡಿದು ಊರೂರಿನಲ್ಲಿ ದುಡಿದವರ ಫಲವಾಗಿ 1975ರ ಬಳಿಕ ಭಾರತದಲ್ಲಿ ಅದು ಕಾಣಿಸಲಿಲ್ಲ. 1980ರಲ್ಲಿ ಲೋಕವೇ ಅದರಿಂದ ಮುಕ್ತವೆಂದು ಘೋಷಿತವಾಯಿತು. ಶಿವನ ಇಚ್ಛೆಯು ರೋಗದಲ್ಲಿ ಮಾತ್ರ ಇದ್ದು, ರೋಗವನ್ನು ನೀಗುವ ಬುದ್ಧಿಯಲ್ಲಿ ಇಲ್ಲವೆನ್ನುವುದು ಶಿವನನ್ನು ಕಿರಿದುಗೊಳಿಸಿದಂತೆ. ವೀರಶೈವರಲ್ಲಿ ಹುಟ್ಟಿದ ಶಿಶುವಿಗೆ ಲಿಂಗಧಾರಣೆ ಮಾಡುವರು. ಮಗು ಅರಿಯುವವರೆಗೆ ಕಾಯುವುದಿಲ್ಲ. ಅರಿಯದಿರುವಾಗಲೇ ಅದಕ್ಕೆ ರಕ್ಷೆ ಬೇಕೆಂಬುದೇ ಅದರ ಭಾವ. ಲಿಂಗವು ನೆಲಸಿದ ಆ ಪುಟ್ಟ ಅಂಗವನ್ನು ಕಾಪಾಡುವುದೂ ಹಿರಿಯರ ಹೊಣೆಯೇ ಆಗಿದೆ.

ಇನ್ನೊಂದು ಆಕ್ಷೇಪ: ಆರೋಗ್ಯವಾಗಿರುವ ಮಗುವಿಗೆ ಸೂಜಿ ಚುಚ್ಚಿ ಜ್ವರ ಬರಿಸುವುದೇಕೆ? ಲಸಿಕೆಯಿಂದ ಒಂದೆರಡು ದಿನ ಜ್ವರ, ನೋವು ಬರಬಹುದೆಂಬುದು ನಿಜ. ಗಂಭೀರವಾದ ತೊಂದರೆ ಅತಿ ವಿರಳ. ಇದನ್ನು ಮರೆಮಾಚದೆ ತಾಯಿಗೆ ತಿಳಿಸುವುದು ವೈದ್ಯನ ಧರ್ಮ. ಆದರೆ ಲೆಕ್ಕವು ಒಂದೇ ಮನೆಯದಲ್ಲ. ದಡಾರವು ಗಾಳಿಯಲ್ಲಿ ಹರಡುವ ರೋಗ. ನೂರರಲ್ಲಿ ಸುಮಾರು 95 ಮಂದಿಗೆ ರಕ್ಷೆಯಿದ್ದರೆ ಮಾತ್ರ ಅದು ಊರಿನಲ್ಲಿ ಹಬ್ಬದೆ ನಿಲ್ಲುವುದು. ಹನೂರು ತಾಲ್ಲೂಕಿನ ಮಲೆಯ ಮಹದೇಶ್ವರನ ಸನ್ನಿಧಿಯಲ್ಲಿ ಜಾತ್ರೆಯ ದಿನ ಸಾವಿರಾರು ತಾಯಂದಿರು ಕೂಸುಗಳನ್ನೆತ್ತಿ ದಾಸೋಹದ ಸಾಲಿನಲ್ಲಿ ನಿಲ್ಲುವರು. ಅವುಗಳಲ್ಲಿ ಒಂಬತ್ತು ತಿಂಗಳೂ ತುಂಬದೆ ದಡಾರದ ಲಸಿಕೆಗೆ ಇನ್ನೂ ಅರ್ಹವಾಗದ ಹಸುಳೆಗಳಿರುವುವು. ಆ ಹಸುಳೆಯನ್ನು ಕಾಯುವುದು ಪಕ್ಕದ ಮಗುವಿನ ಲಸಿಕೆ. ಗುರುತಿಲ್ಲದವನಿಗೆ ಅನ್ನವಿಡುವುದು ದಾಸೋಹವಾದರೆ, ಗುರುತಿಲ್ಲದವನ ಕೂಸಿಗಾಗಿ ತನ್ನ ಕೂಸಿನ ಒಂದು ದಿನದ ನೋವನ್ನು ಸಹಿಸುವುದೂ ದಾಸೋಹವೇ.

ಅಂಜಿ ಹಿಂದೆಗೆದವನೂ ತಿರುಗಿ ನಿಲ್ಲಬಲ್ಲನು. ಸೋಮಾಲಿಯಾ ದೇಶದ ಮರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಅಡಿಗೆಯವನಾಗಿದ್ದ ಅಲಿ ಮಾವ್ ಮಾಲಿನ್ ಎಂಬವನು ನೋವಿಗೆ ಹೆದರಿ ಲಸಿಕೆಯಿಂದ ತಪ್ಪಿಸಿಕೊಂಡಿದ್ದನು. 1977ರಲ್ಲಿ ಅವನಿಗೆ ಸಿಡುಬು ತಗುಲಿತು. ಸಹಜವಾಗಿ ಹರಡಿದ ಸಿಡುಬಿಗೆ ತುತ್ತಾದವರಲ್ಲಿ ಅವನೇ ಕಡೆಯವನು. ಬದುಕಿ ಉಳಿದ ಅವನು ಮುಂದೆ ಪೋಲಿಯೊ ಲಸಿಕೆಯ ಕಾರ್ಯಕ್ಕೆ ನಿಂತು, ತನ್ನ ತಪ್ಪನ್ನೇ ತಾಯಂದಿರಿಗೆ ಹೇಳಿ ಒಪ್ಪಿಸುತ್ತಿದ್ದನು. 2013ರಲ್ಲಿ ಆ ಕಾರ್ಯದಲ್ಲಿದ್ದಾಗಲೇ ಮಲೇರಿಯಾದಿಂದ ತೀರಿಕೊಂಡನು. ತಪ್ಪನ್ನು ಮುಚ್ಚಿಡದೆ ಅದನ್ನೇ ಲೋಕಹಿತಕ್ಕೆ ಅರ್ಪಿಸುವುದು ನಿಜವಾದ ಪ್ರಾಯಶ್ಚಿತ್ತ.

ಆದುದರಿಂದ ಮೊದಲ ಪ್ರಶ್ನೆಗೆ ಉತ್ತರವಿದು: ರೋಗವನ್ನು ಕಳೆಯುವವನು ವಂದ್ಯನು, ಬಾರದಂತೆ ಕಾಯುವವನು ಆ ವಂದನೆಯನ್ನೂ ಬಿಟ್ಟುಕೊಟ್ಟವನು. ಆ ಬಿಟ್ಟುಕೊಡುವಿಕೆಯೇ ಅವನ ಕಾಯಕವನ್ನು ಹಿರಿದಾಗಿಸುವುದು. ಸದ್ಭಕ್ತರಾದ ಗೃಹಸ್ಥರು ಮಗುವಿನ ಲಸಿಕೆಯ ದಿನವನ್ನು ಪೂಜೆಯ ದಿನದಂತೆ ನೆನಪಿನಲ್ಲಿಡಲಿ. ಬಿಸಿಲಿನಲ್ಲಿ ನಡೆದು ಬರುವ ಆರೋಗ್ಯ ಕಾರ್ಯಕರ್ತೆಗೆ ಒಂದು ಲೋಟ ನೀರನ್ನೂ ಒಂದು ಒಳ್ಳೆಯ ಮಾತನ್ನೂ ಕೊಡಲಿ. ಫಲ ಕಾಣದ ಕಾಯಕಕ್ಕೆ ಸಲ್ಲಬೇಕಾದ ಶರಣಾರ್ಥಿ ಅದೇ.