ಕಲ್ಲಣಬೆಯ ಲೊಕೇಶನ್

ಪವಾಯಿಯ ಹೋಟೆಲೊಂದರಲ್ಲಿ ನಮ್ಮ ತಂಡದ ಹುಡುಗರು ಟ್ರಫಲ್ ಎಣ್ಣೆಯ ಫ್ರೈಸ್ ತರಿಸಿದ್ದರು. (ಆ ಎಣ್ಣೆಯ ಪರಿಮಳ ಹೆಚ್ಚಾಗಿ ಪ್ರಯೋಗಾಲಯದ್ದು, ಇರಲಿ.) ನನಗೆ ನೆನಪಾದದ್ದು ಕಾರ್ಕಳದ ಕಲ್ಲಣಬೆ, ತುಳುವಿನ ಕಲ್ಲಲಾಂಬು. ಇದು ಟ್ರಫಲ್ ಅಲ್ಲ, ಆಸ್ಟ್ರಿಯಸ್ ಎಂಬ ಬೇರೆ ಕುಲದ್ದು. ಆದರೆ ಇದೂ ಮಣ್ಣೊಳಗೆ ಉಂಡೆಯಾಗುತ್ತದೆ, ಮರದ ಬೇರಿನ ಸಂಗಡವೇ ಬದುಕುತ್ತದೆ. ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದಂತೆ ಇದನ್ನು ಬೆಳೆಯಲಾಗದು. ಗುಡುಗು, ಮೊದಲ ಮಳೆ ಆದ ಮೇಲೆ ಮುರಕಲ್ಲಿನ ಗುಡ್ಡದಲ್ಲಿ ಹುಡುಕಬೇಕು. ಒಳಗೆ ಬಿಳಿಯಿದ್ದರೆ ಸುಕ್ಕಕ್ಕೆ, ಕಪ್ಪಾಗಿದ್ದರೆ ಹಿತ್ತಲಿಗೆ.

ದೊಡ್ಡಮ್ಮ ಜಾಗ ಯಾರಿಗೂ ಹೇಳುತ್ತಿರಲಿಲ್ಲ. ತಿಳಿದದ್ದನ್ನು ಬರೆದಿಡದವರಿಗೆ ಅಪ್ರೈಸಲ್‌ನಲ್ಲಿ ಅಂಕ ಕಡಿಮೆ ಕೊಡುವವನು ನಾನು. ನನಗದು ಸಣ್ಣತನವಾಗಿ ಕಂಡಿತು. ಒಂದು ಜೂನ್‌ನಲ್ಲಿ ಅವಳ ಹಿಂದೆ ಹೋದವನು ಫೋಟೊ ಜೊತೆ ಲೊಕೇಶನ್ನನ್ನೂ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಮರುವರ್ಷ ಅಲ್ಲಿ ಹಾರೆಯಿಂದ ಅಗೆದ ಗುಂಡಿಗಳು, ಕಡಿದ ಬೇರುಗಳು.

ಗುಡ್ಡ ಅವಳದಲ್ಲ, ಸರ್ಕಾರದ್ದು. ಮುಚ್ಚಿಡಲು ಅವಳಿಗೇನು ಹಕ್ಕು? ಡೊಂಬಿವಲಿ ಲೋಕಲ್‌ನಲ್ಲಿ ನೇತಾಡುತ್ತ ಈ ವಾದವನ್ನು ಎಷ್ಟೋ ಸಲ ಗೆದ್ದಿದ್ದೇನೆ. ಆದರೆ ನಾಲ್ಕು ಮನೆಗೆ ಎಲೆಯಲ್ಲಿ ಕಟ್ಟಿ ಅಣಬೆ ಕಳಿಸುತ್ತಿದ್ದವಳು ಅವಳೇ. ಕೋಲಿನ ತುದಿಯಲ್ಲಷ್ಟೇ ಕೆದಕಿ, ಮಣ್ಣು ಮತ್ತೆ ಮುಚ್ಚಿ ಬರುತ್ತಿದ್ದಳು. ಆ ಕಟ್ಟಳೆ ನನ್ನ ಲೊಕೇಶನ್ ಜೊತೆ ಹೋಗಲಿಲ್ಲ. ಅದನ್ನೂ ಬರೆದು ಹಾಕಿದ್ದರೆ ಯಾರಾದರೂ ಪಾಲಿಸುತ್ತಿದ್ದರೇ? ಅವಳು ಬೈಯಲಿಲ್ಲ, ಅದೇ ಕಷ್ಟ.

ಈ ಸಲ ಫೋನಿನಲ್ಲಿ ಕೇಳಿದೆ, “ಕಲ್ಲಣಬೆ ಸಿಕ್ಕಿತಾ ದೊಡ್ಡಮ್ಮ?”

“ಸಿಕ್ಕಿತು ಮಗಾ, ಸ್ವಲ್ಪ. ಬಸ್ಸಿಗೆ ಹಾಕುತ್ತೇನೆ.”

ಎಲ್ಲಿ ಸಿಕ್ಕಿತೆಂದು ನಾನು ಕೇಳಲಿಲ್ಲ.