ಸಂಸ್ಕಾರ ಯಾರಿಗಿದೆ?



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಪಂಚ ಖಂಧಗಳ ಪಾಠ ನಡೆಯಿತು. ರೂಪ, ವೇದನಾ, ಸಞ್ಞಾ, ಸಂಖಾರ, ವಿಞ್ಞಾಣ. 'ನಾನು' ಎಂದು ನಾವು ಹಿಡಿದುಕೊಂಡಿರುವುದನ್ನು ಭಗವಾನ್ ಬುದ್ಧರು ಬಿಡಿಸಿ ತೋರಿಸಿದ ಐದು ಭಾಗಗಳು. ಪಾಲಿ ಶಬ್ದಗಳು ಕನ್ನಡಕ್ಕೆ ಹತ್ತಿರ ಇವೆ, ಸುಲಭ ಎಂದುಕೊಂಡಿದ್ದೆ. ಆ ಹತ್ತಿರವೇ ತೊಡಕು. ನಮಗೆ ವೇದನೆ ಎಂದರೆ ನೋವು ಮಾತ್ರ. ಪಾಲಿಯಲ್ಲಿ ಸುಖವೂ ವೇದನೆ, ದುಃಖವೂ ವೇದನೆ, ಎರಡೂ ಅಲ್ಲದ್ದೂ ವೇದನೆ. ಇದು ತಿಳಿಯದೆ ನಾನು ಎಷ್ಟೋ ತಿಂಗಳು ಧ್ಯಾನಕ್ಕೆ ಕೂತು ಮಂಡಿನೋವನ್ನಷ್ಟೇ ಗಮನಿಸುತ್ತಿದ್ದೆ!

ನಾಲ್ಕನೆಯ ಶಬ್ದ ಬಂದಾಗ ಮಾತ್ರ ಗಂಟಲು ಕಟ್ಟಿತು. ಹಾಳೆಯಲ್ಲಿ ಕನ್ನಡದಲ್ಲಿ 'ಸಂಸ್ಕಾರ' ಎಂದಿತ್ತು. ಏಳನೇ ತರಗತಿಯಲ್ಲಿದ್ದಾಗ ಗೆಳೆಯನ ಮನೆಯ ಪಡಸಾಲೆ ಹತ್ತಿದ್ದಕ್ಕೆ ಅವನ ಅಜ್ಜ ಅಂದಿದ್ದು: "ಇವಕ್ಕೆಲ್ಲ ಎಲ್ಲಿಂದ ಬರ್ಬೇಕು ಸಂಸ್ಕಾರ." ನಮ್ಮ ಆಡುಮಾತಿನಲ್ಲಿ ಆ ಶಬ್ದದೊಳಗೆ ಉಪನಯನ ಇದೆ, ಕುಲ ಇದೆ, ಹುಟ್ಟಿನಿಂದ ಬಂದ ಹಿರಿಮೆ ಇದೆ. ಕೆಲವರಿಗೆ ಇರುತ್ತದಂತೆ, ಕೆಲವರಿಗೆ ಇರುವುದಿಲ್ಲವಂತೆ. ಸತ್ತ ಮೇಲೆ ಎಲ್ಲರಿಗೂ ಒಂದು ಸಂಸ್ಕಾರ ಸಿಗುತ್ತದೆ ನಿಜ. ಅದಕ್ಕೂ ಎಷ್ಟೋ ಊರಲ್ಲಿ ಸ್ಮಶಾನ ಬೇರೆ.

ಪಾಲಿಯ ಸಂಖಾರ ಹಾಗಲ್ಲ. ಮನಸ್ಸು ಕಟ್ಟಿಕೊಳ್ಳುವ ಒಲವು, ಹಗೆ, ರೂಢಿ, ಸಂಕಲ್ಪ ಎಲ್ಲವೂ ಅದೇ. ಅದಿಲ್ಲದ ಮನುಷ್ಯನಿಲ್ಲ. ಕಾರಣಗಳಿಂದ ಕೂಡಿಕೊಂಡದ್ದು, ಹಾಗಾಗಿ ಅನಿತ್ಯ.

ಇಷ್ಟು ಕೇಳಿದ್ದೇ ಹಿಂದೆ ಕೂತಿದ್ದ ಒಬ್ಬ ಅವ್ವ ಅಂದರು: "ಹಂಗಾದ್ರೆ ಮುಟ್ಟಬ್ಯಾಡ ಅಂದೋರ ಮನಸ್ನಾಗೆ ಇರೋದೂ ಸಂಖಾರನೇ ಅಲ್ವೇನಪ್ಪ?" ಪಾಠ ಮಾಡುತ್ತಿದ್ದವರು ಪುಸ್ತಕ ಮುಚ್ಚಿಟ್ಟರು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಜಾತಿಯನ್ನು ಮನಸ್ಸಿನ ಒಂದು ಸ್ಥಿತಿ ಎಂದೇ ಗುರುತಿಸಿದರು. ಅವ್ವ ಆ ಪುಸ್ತಕ ಓದಿದವರಲ್ಲ.

ಅಜ್ಜನ ಆ ಮಾತು ಅವರ ಸಂಖಾರ. ನಲವತ್ತು ವರ್ಷ ಅದನ್ನು ಹೊತ್ತು ತಿರುಗಿದ ನನ್ನ ಸಿಟ್ಟೂ ಸಂಖಾರವೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. ಒಂದು ಹೊಡೆದದ್ದು, ಇನ್ನೊಂದು ಪೆಟ್ಟು ತಿಂದದ್ದು. ಆದರೆ ಯಾವುದೂ ಹುಟ್ಟಿನಿಂದ ಬಂದದ್ದಲ್ಲ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ 'ಸಂಸ್ಕಾರ' ಎಂದು ಬರೆದುಕೊಂಡಿದ್ದ ಕಡೆಯೆಲ್ಲ ಗೆರೆ ಎಳೆದು 'ಸಂಖಾರ' ಎಂದು ಬರೆದೆ. ಸಂಜೆ ಧ್ಯಾನಕ್ಕೆ ಕೂತಾಗ ಆ ಪಡಸಾಲೆ ಮತ್ತೆ ಕಣ್ಣಮುಂದೆ ಬಂತು. ಈ ಸಲ ಎದ್ದು ಹೋಗಲಿಲ್ಲ. ಕೂತು ನೋಡಿದೆ.

ಜೈ ಭೀಮ್. ನಮೋ ಬುದ್ಧಾಯ.